ಮಳೆಗಾಲದ ಮಂಗಳೂರಲ್ಲಿ ಪಿಎಲ್‌ಎ: ಮೊದಲು ನೀರಿನ ಲೆಕ್ಕ

ಪಾರ್ಟ್ ಕೈಯಲ್ಲೇ ಲಟಕ್ಕನೆ ಮುರಿದರೆ ಮೊದಲು ಬೈಗುಳ ತಿನ್ನುವುದು ಕಚ್ಚಾವಸ್ತು. ಪಿಎಲ್‌ಎ ಅಂದರೆ ಜೋಳ, ಕಬ್ಬಿನ ಸಕ್ಕರೆಯಿಂದ ಮಾಡಿದ ಪ್ಲಾಸ್ಟಿಕ್ಕು, ಇನ್ನೆಷ್ಟು ಗಟ್ಟಿ ಇದ್ದೀತು ಅಂತ. ಆದರೆ ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಶೆಡ್ಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಅನುಮಾನಿಸಬೇಕಾದದ್ದು ಮಾಲಿನ ತೇವ ತೆಗೆಯುವ ಡ್ರೈಯರನ್ನು.

ಪಿಎಲ್‌ಎ ಕರಗಿದಾಗ ಒಂದು ನೀರಿನ ಅಣು ಪ್ಲಾಸ್ಟಿಕ್ಕಿನ ಉದ್ದನೆಯ ಅಣು-ಸರಪಳಿಯ ಒಂದು ಎಸ್ಟರ್ ಕೊಂಡಿಯನ್ನು ಕತ್ತರಿಸುತ್ತದೆ; ಸರಪಳಿ ಗಿಡ್ಡವಾದಷ್ಟೂ, ಅಂದರೆ ಅಣುತೂಕ ಇಳಿದಷ್ಟೂ, ಪಾರ್ಟ್ ಸುಲಭವಾಗಿ ಮುರಿಯುತ್ತದೆ. ಸರಾಸರಿ ಅಣುತೂಕ 1,00,000 ಇರುವ ಒಂದು ಕಿಲೋ ಮಾಲಿನಲ್ಲಿ 1,000 ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಭಾಗ), ಅಂದರೆ ಒಂದೇ ಗ್ರಾಂ ನೀರು ಉಳಿದು ಅಷ್ಟೂ ಪ್ರತಿಕ್ರಿಯಿಸಿದರೆ ಅಣುತೂಕ ಸುಮಾರು 15,000ಕ್ಕೆ ಬೀಳುತ್ತದೆ. 250 ಪಿಪಿಎಂ ಆದರೆ 42,000, 50 ಆದರೆ 78,000. ಮಾಲು ಕರಗುವ ಯಂತ್ರದ ಬ್ಯಾರೆಲ್‌ನಲ್ಲಿ ಕಳೆಯುವ ಕೆಲವು ನಿಮಿಷದಲ್ಲಿ ಎಲ್ಲ ನೀರೂ ಕತ್ತರಿ ಆಡಿಸುವುದಿಲ್ಲ, ಹಾಗಾಗಿ 250 ಅನ್ನು ಮಿತಿ ಎನ್ನುತ್ತಾರೆ. ಸ್ಕ್ರ್ಯಾಪ್ ಪುಡಿ ಮಾಡಿ ಮತ್ತೆ ಬಳಸುವವರಿಗೆ ಅದು ಸಾಲದು; ಸುತ್ತಿನಿಂದ ಸುತ್ತಿಗೆ ನಷ್ಟ ಕೂಡುತ್ತಾ ಹೋಗುತ್ತದೆ. 100ರ ಕೆಳಗೇ ಇಡಿ.

ಸಾದಾ ಬಿಸಿಗಾಳಿ ಡ್ರೈಯರ್ ನಮ್ಮ ಊರಿಗಲ್ಲ. ಜುಲೈಯ ಗಾಳಿಯ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟಲು ತೊಡಗುವ ಉಷ್ಣತೆ) 24 ಡಿಗ್ರಿ ಆಸುಪಾಸು, ಕಿಲೋ ಗಾಳಿಗೆ 19 ಗ್ರಾಂ ನೀರು. 80 ಡಿಗ್ರಿಗೆ ಕಾಯಿಸಿದರೂ ಆ 19 ಗ್ರಾಂ ಅಲ್ಲೇ ಇರುತ್ತದೆ! ತೇವ ಹೀರುವ ಡೆಸಿಕೆಂಟ್ ಇರುವ ಡ್ರೈಯರ್‌ನ ಮೈನಸ್ 40 ಡ್ಯೂ ಪಾಯಿಂಟ್‌ನ ಗಾಳಿಯಲ್ಲಿ ಇರುವುದು ಸುಮಾರು 0.1 ಗ್ರಾಂ. ಹೊಸ ಪೆಲೆಟ್‌ಗೆ (ಪ್ಲಾಸ್ಟಿಕ್ ಕಾಳಿಗೆ) 80 ಡಿಗ್ರಿ, 4 ಗಂಟೆ ಸಾಕು. ಡೆಸಿಕೆಂಟ್ ಸೋತಾಗಲೂ ಡಿಸ್‌ಪ್ಲೇಯಲ್ಲಿ ಉಷ್ಣತೆ ಸರಿಯಾಗಿಯೇ ಕಾಣುತ್ತದೆ. ನೋಡಬೇಕಾದದ್ದು ಡ್ಯೂ ಪಾಯಿಂಟ್. ಒಣಗಿದ ಮಾಲನ್ನು ಬಕೆಟ್‌ನಲ್ಲಿ ಹೊತ್ತು ಯಂತ್ರದ ಹಾಪರ್‌ಗೆ ಸುರಿದರೆ ಅದು ಮತ್ತೆ ತೇವ ಹೀರುತ್ತದೆ, ಒಣಗಿಸಿದ್ದೇ ದಂಡ.

ರೀಗ್ರೈಂಡ್‌ದು, ಅಂದರೆ ಪುಡಿ ಮಾಡಿದ ಸ್ಕ್ರ್ಯಾಪಿನದು, ಬೇರೆ ರಗಳೆ. ತಣ್ಣನೆಯ ಮೋಲ್ಡ್‌ನಿಂದ ಬಂದ ತುಂಡುಗಳಲ್ಲಿ ಸ್ಫಟಿಕ ರಚನೆ ಇರುವುದಿಲ್ಲ, 55–60 ಡಿಗ್ರಿಗೇ ಮೆತ್ತಗಾಗಿ ಡ್ರೈಯರ್ ಒಳಗೆ ಒಂದೇ ಹೆಂಟೆಯಾಗುತ್ತವೆ. ಮೊದಲು 90–110 ಡಿಗ್ರಿಯಲ್ಲಿ ನಿಲ್ಲಿಸದೆ ಕಲಕುತ್ತಾ, ತುಂಡುಗಳು ಹಾಲುಬಿಳುಪಾಗುವವರೆಗೆ ಸ್ಫಟಿಕೀಕರಿಸಿ. ಆಮೇಲೆ 80ಕ್ಕೆ ಹಾಕಿ. ಆ ಯಂತ್ರ ಇಲ್ಲದಿದ್ದರೆ 45–50 ಡಿಗ್ರಿಯಲ್ಲಿ ರಾತ್ರಿಯಿಡೀ. ಒಣಗಿತೋ ಇಲ್ಲವೋ ಎಂಬುದಕ್ಕೆ ಎಂಎಫ್‌ಐ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಸಾಕ್ಷಿ: ಪರೀಕ್ಷೆ 210 ಡಿಗ್ರಿಯಲ್ಲಿ, 2.16 ಕೆ.ಜಿ. ಭಾರದಡಿ. ಮೋಲ್ಡಿಂಗ್‌ಗೆ ಮೊದಲಿನ ಮತ್ತು ನಂತರದ ಅಂಕಿಯ ಅಂತರ ದೊಡ್ಡದಾದರೆ ಸರಪಳಿ ತುಂಡಾಗಿದೆ.

ಬಿಸಿ ಕಾಫಿ ತಡೆಯುವ ಲೋಟ ಬೇಕಿದ್ದರೆ ಸ್ಫಟಿಕ ಬೇಕೇ ಬೇಕು. ನುಣ್ಣನೆಯ ಟಾಲ್ಕ್ ಸೇರಿಸಿ, ಮೋಲ್ಡನ್ನು 100–110 ಡಿಗ್ರಿಯಲ್ಲಿಡಿ. ಒಂದೊಂದು ಪಾರ್ಟಿಗೆ ಹಿಡಿಯುವ ಸಮಯ (ಸೈಕಲ್) ಉದ್ದವಾಗುತ್ತದೆ, ಆ ಖರ್ಚನ್ನು ಕೊಟೇಶನ್‌ನಲ್ಲೇ ತೋರಿಸಿ.

ಮರಳಿ ಬಂದ ಮಾಲಿನಲ್ಲಿ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಬೆರೆತರೆ ನೀರಿನ ತೊಟ್ಟಿ ಬೇರ್ಪಡಿಸದು: ಪಿಎಲ್‌ಎ ಸಾಂದ್ರತೆ 1.24, ಪೆಟ್ 1.38, ಎರಡೂ ಮುಳುಗುತ್ತವೆ. ಉಪ್ಪು ಎಷ್ಟು ಸುರಿದರೂ ನೀರು 1.2 ದಾಟುವುದಿಲ್ಲ. ಅತಿಗೆಂಪು ಬೆಳಕಿನಿಂದ ಪ್ಲಾಸ್ಟಿಕ್ ಗುರುತಿಸಿ ವಿಂಗಡಿಸುವ ಎನ್‌ಐಆರ್ ಸಾರ್ಟರ್ ಬೇಕು. ಕಾರ್ಬನ್ ಬ್ಲ್ಯಾಕ್ ಹಾಕಿದ ಕಪ್ಪು ಪಾರ್ಟ್ ಅದಕ್ಕೂ ಕಾಣದು. ಗಿರಾಕಿ ಕಪ್ಪೇ ಬೇಕೆಂದರೆ ಎನ್‌ಐಆರ್‌ಗೆ ಕಾಣುವ ಪಿಗ್ಮೆಂಟನ್ನು ಮಾಸ್ಟರ್‌ಬ್ಯಾಚ್ (ಮಾಲಿಗೆ ಬೆರೆಸುವ ಗಾಢ ಬಣ್ಣದ ಕಾಳು) ಆರ್ಡರ್‌ನಲ್ಲೇ ಬರೆಸಿ.