ಟರ್ಬೊ ಕೂರಿಸುವುದೋ, ಎಂಜಿನ್ನನ್ನೇ ಬದಲಿಸುವುದೋ

ನನ್ನ ಬಳಿ 1990ರ ಒಂದು ಮಾಜ್ದಾ ಎಂಎಕ್ಸ್-5 ಇದೆ. ಎರಡು ಆಸನದ ಪುಟ್ಟ ಕಾರು, ಚಾಲನೆ ಹಿಂದಿನ ಚಕ್ರಗಳಿಗೆ, ಮುಂದೆ 1597 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೆ ಸುಮಾರು 115 ಅಶ್ವಶಕ್ತಿ ಇತ್ತು. ಇಷ್ಟು ವರ್ಷ ಓಡಿದ ಮೇಲೆ ಆ ಕುದುರೆಗಳಲ್ಲಿ ಎಷ್ಟು ಇನ್ನೂ ಲಾಯದಲ್ಲಿವೆ ಎಂಬುದು ಬೇರೆ ಮಾತು. ತಿರುವುಗಳಲ್ಲಿ ಈ ಕಾರಿನ ನಡೆಗೆ ಹೆಸರಿಡುವಂತಿಲ್ಲ, ಆದರೆ ತಿರುವು ಮುಗಿದು ಏರು ಶುರುವಾದ ಕೂಡಲೇ ಅದು ಏದುಸಿರು ಬಿಡುತ್ತದೆ. ಹೆಚ್ಚಿನ ಶಕ್ತಿ ಬೇಕೆಂದರೆ ಇರುವ ಎಂಜಿನ್‌ಗೆ ಟರ್ಬೊ (ಎಂಜಿನ್ ಬಿಡುವ ಹೊಗೆಯ ರಭಸದಿಂದ ತಿರುಗುವ ಗಾಳಿಪಂಪು) ಅಥವಾ ಸೂಪರ್‌ಚಾರ್ಜರ್ ಜೋಡಿಸಿ ಒತ್ತಡದಿಂದ ಗಾಳಿ ತುಂಬಬೇಕು, ಇಲ್ಲವೇ ಆ ಎಂಜಿನ್ ಇಳಿಸಿ ಅದಕ್ಕಿಂತ ದೊಡ್ಡದನ್ನು ಕೂರಿಸಬೇಕು. ಹೆಚ್ಚುಕಡಿಮೆ ಒಂದು ವರ್ಷ ನಾನು ಇವೆರಡರ ನಡುವೆ ತೂಗಾಡಿದೆ. ಕೊನೆಗೆ ತೀರ್ಮಾನ ಕೊಟ್ಟದ್ದು ಮೂರನೆಯ ಸಿಲಿಂಡರ್.

ಮೊದಲು ಮನಸ್ಸು ವಾಲಿದ್ದು ಟರ್ಬೊ ಕಡೆಗೆ, ಏಕೆಂದರೆ ಅದರ ಲೆಕ್ಕ ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. ಒಳಗೆ ಬಂದ ಗಾಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಮಾತ್ರ ಎಂಜಿನ್ ಸುಡಬಲ್ಲದು, ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಎಂಬುದು ಪೂರ್ಣ ದಹನದ ಪ್ರಮಾಣ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವೂ (ಚದರ ಅಂಗುಲಕ್ಕೆ ಪೌಂಡ್ ಲೆಕ್ಕದಲ್ಲಿ) 14.7 ಪಿಎಸ್‌ಐ. (ಎರಡು ಕಡೆಯೂ ಅದೇ ಅಂಕಿ ಬಂದಿರುವುದು ಬರೀ ಕಾಕತಾಳೀಯ. ಮೊದಮೊದಲು ನಾನು ಇವೆರಡನ್ನೂ ಕಲಸಿಕೊಂಡು ಸಾಕಷ್ಟು ಪೆಚ್ಚಾಗಿದ್ದೆ.) ಇದರ ಮೇಲೆ ಇನ್ನೊಂದು 7 ಪಿಎಸ್‌ಐ ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಒತ್ತಡ, ಸೇರಿಸಿದರೆ ಒತ್ತಡ ಹತ್ತಿರಹತ್ತಿರ ಒಂದೂವರೆ ಪಟ್ಟು ಆಗುತ್ತದೆ, ಹಾಗಾಗಿ ಶಕ್ತಿಯೂ ಒಂದೂವರೆ ಪಟ್ಟು ಆಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಹಾಗೆ ಆಗದಿರುವುದಕ್ಕೆ ಕಾರಣ ಶಾಖ. ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದವರಿಗೆಲ್ಲ ಅದು ಬಿಸಿಯಾಗುವುದು ಗೊತ್ತು. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು, ನೂರಕ್ಕೆ ಎಪ್ಪತ್ತರಷ್ಟು ದಕ್ಷತೆಯ ಕಂಪ್ರೆಸರ್ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ ಆ ಗಾಳಿ ಸುಮಾರು 80 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ. ಆದ್ದರಿಂದ ಸಿಲಿಂಡರಿಗೆ ಹೆಚ್ಚಾಗಿ ಸೇರುವ ಗಾಳಿ ನೂರಕ್ಕೆ ಐವತ್ತರಷ್ಟಲ್ಲ, ಇಪ್ಪತ್ತೇಳರಷ್ಟು ಮಾತ್ರ. ಮಧ್ಯದಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಇಟ್ಟು ಅದನ್ನು 45 ಡಿಗ್ರಿಗೆ ಇಳಿಸಿದರೆ ಈ ಗಳಿಕೆ ನಲವತ್ತರ ಆಸುಪಾಸಿಗೆ ಬರುತ್ತದೆ. ನನ್ನ ಕಾರಿಗೆ ಅನ್ವಯಿಸಿದರೆ ಅದು 160 ಅಶ್ವಶಕ್ತಿ, ಅದೂ ಎಂಜಿನ್ ಹೊಸದರಂತೆ ಇದ್ದರೆ.

ಶಾಖದಿಂದ ಶಕ್ತಿ ಕಡಿಮೆಯಾಗುವುದು ಸಣ್ಣ ನಷ್ಟ, ನಾಕಿಂಗ್ ಅದಕ್ಕಿಂತ ದೊಡ್ಡ ಗಂಡಾಂತರ. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ತನ್ನ ಪಾಡಿಗೆ ಹರಡುತ್ತಿರುವಾಗಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡವನ್ನೂ ಬಿಸಿಯನ್ನೂ ತಾಳಲಾರದೆ ಒಮ್ಮೆಲೇ ತಾನಾಗಿ ಸ್ಫೋಟಗೊಳ್ಳುತ್ತದೆ. ಆ ಏಟು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚನ್ನು ಬಿಸ್ಕತ್ತಿನಂತೆ ಮುರಿಯಬಲ್ಲದು. ಇದನ್ನು ತಡೆಯಲು ಮಿಶ್ರಣಕ್ಕೆ ಪೆಟ್ರೋಲು ಹೆಚ್ಚಿಸಿ 12ಕ್ಕೆ 1ರ ಹತ್ತಿರ ತರುತ್ತಾರೆ, ಸ್ಪಾರ್ಕನ್ನು ತಡಮಾಡಿಸುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಕಂಪ್ರೆಷನ್ ಅನುಪಾತವನ್ನೇ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದನ್ನು) ತಗ್ಗಿಸುತ್ತಾರೆ. ಟೊಯೊಟಾದ ಹೆಸರುವಾಸಿ 3 ಲೀಟರ್ 2ಜೆಝಡ್ ಎಂಜಿನ್ನನ್ನೇ ನೋಡಿ: ಟರ್ಬೊ ಇಲ್ಲದ ರೂಪದಲ್ಲಿ ಅದರ ಅನುಪಾತ 10, ಅವಳಿ ಟರ್ಬೊ ರೂಪದಲ್ಲಿ 8.5. ಕಾರ್ಖಾನೆಯವರು ಟರ್ಬೊ ಹಾಕುವಾಗ ಒಳಗಿನದ್ದನ್ನೂ ಬದಲಿಸುತ್ತಾರೆ. ನಾವು ಹೊರಗಿನಿಂದ ಪೈಪು ಜೋಡಿಸಿ ಅಷ್ಟೇ ಬಾಳಿಕೆ ಬಯಸುತ್ತೇವೆ.

ಅನುಪಾತ ತಗ್ಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1962ರಲ್ಲಿ ಬಂದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಕಾರುಗಳಲ್ಲಿ ಒಂದು. ಅದರ 3.5 ಲೀಟರ್ ವಿ8 ಎಂಜಿನ್ 215 ಅಶ್ವಶಕ್ತಿ ಕೊಡುತ್ತಿತ್ತು. ಕಂಪ್ರೆಷನ್ ಅನುಪಾತವನ್ನು ಹತ್ತಕ್ಕಿಂತ ಮೇಲೆಯೇ ಉಳಿಸಿಕೊಂಡಿದ್ದರಿಂದ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಗೆ ಸಿಂಪಡಿಸುವ ಏರ್ಪಾಡು ಮಾಡಿದ್ದರು. ಅದರ ತೊಟ್ಟಿಯನ್ನು ಮಾಲೀಕರು ಆಗಾಗ ತುಂಬಬೇಕಿತ್ತು, ಹಲವರು ತುಂಬಲಿಲ್ಲ. ಮುಂದೆ ಎಷ್ಟೋ ಕಾರುಗಳಿಂದ ಆ ಟರ್ಬೊವನ್ನು ಕಿತ್ತು ಸಾಧಾರಣ ಕಾರ್ಬ್ಯುರೇಟರ್ ಜೋಡಿಸಬೇಕಾಯಿತು.

ಸೂಪರ್‌ಚಾರ್ಜರ್ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬೆಲ್ಟಿನ ಮೂಲಕ ಎಂಜಿನ್‌ನ ಶಕ್ತಿಯನ್ನೇ ಕಡ ತೆಗೆದು ತಿರುಗುವ ಯಂತ್ರ ಅದು. ಕಾಲು ಒತ್ತಿದೊಡನೆ ತಡವಿಲ್ಲದೆ ಸ್ಪಂದಿಸುತ್ತದೆ, ನಿಜ, ಆದರೆ ಪಿಸ್ಟನ್ನಿನ ಮೇಲೆ ಬೀಳುವ ಹೊರೆ ಟರ್ಬೊದ್ದಕ್ಕಿಂತ ಬೇರೆಯೇನಲ್ಲ.

ಎಂಜಿನ್ ಬದಲಾವಣೆಯ ಪಕ್ಷದವರು ಹೇಳುವ ಮಾತಿನಲ್ಲಿ ಹುರುಳಿದೆ. ದೊಡ್ಡ ಎಂಜಿನ್ ತನ್ನ ಸಹಜ ಉಸಿರಾಟದಲ್ಲೇ ಬೇಕಾದ ಶಕ್ತಿ ಕೊಡುತ್ತದೆ, ಅದಕ್ಕೆಂದೇ ತಯಾರಾದ ಪಿಸ್ಟನ್‌ಗಳ ಮೇಲೆ. ಇದೇ ಪುಟ್ಟ ಎಂಎಕ್ಸ್-5ನ ಮೂತಿಯೊಳಗೆ ಷೆವರ್ಲೆ ಕಾರ್ವೆಟ್‌ನ 5.7 ಲೀಟರ್ ಎಲ್‌ಎಸ್1 ವಿ8 ಅನ್ನು ತುರುಕಿದವರಿದ್ದಾರೆ. ಅದರ ಬ್ಲಾಕ್ ಅಲ್ಯೂಮಿನಿಯಂನದ್ದಾದ ಕಾರಣ ತೂಕದ ಹೆಚ್ಚಳ ಊಹಿಸಿದಷ್ಟು ಇರುವುದಿಲ್ಲ. ಆದರೆ ಎಂಜಿನ್ ಕೂರಿಸುವುದು ಇದರಲ್ಲಿ ಅರ್ಧ ಕೆಲಸವೂ ಅಲ್ಲ. ಮೌಂಟ್‌ಗಳನ್ನು ಹೊಸದಾಗಿ ಬೆಸುಗೆ ಹಾಕಬೇಕು. ಆಯಿಲ್ ಸಂಪ್ ಅಡ್ಡಪಟ್ಟಿಗೆ ತಾಗುತ್ತದೆ. ಸೈಲೆನ್ಸರ್ ಪೈಪು ಸ್ಟೀರಿಂಗ್ ದಂಡಕ್ಕೆ ಅಡ್ಡ ಬರುತ್ತದೆ. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಎಲ್ಲವೂ ಬದಲಾಗುತ್ತವೆ. ಕೊನೆಗೆ ವೈರಿಂಗ್. ಯಂತ್ರಭಾಗ ಸರಿಯಿಲ್ಲದಿದ್ದರೆ ಸದ್ದು ಮಾಡುತ್ತದೆ ಅಥವಾ ಎಣ್ಣೆ ಸೋರಿಸುತ್ತದೆ, ವೈರಿಂಗ್ ಹಾಗಲ್ಲ. ಎಲ್ಲೋ ಒಂದು ಅರ್ಥ್ ತಂತಿ ಸಡಿಲವಾಗಿದ್ದರೆ ಕಾರು ಮೂರು ದಿನ ಸರಿಯಾಗಿ ಓಡಿ ನಾಲ್ಕನೆಯ ದಿನ ನಡುರಸ್ತೆಯಲ್ಲಿ ಸುಮ್ಮನಾಗುತ್ತದೆ. ಅರ್ಧಕ್ಕೇ ನಿಂತು, ಮುಸುಕು ಹೊದ್ದು ಮಲಗಿದ ಸ್ವಾಪ್ (ಎಂಜಿನ್ ಬದಲಾವಣೆಯ) ಕಾರುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ, ಮತ್ತು ಅವುಗಳಲ್ಲಿ ಹೆಚ್ಚಿನವು ನಿಂತದ್ದು ಈ ಹಂತದಲ್ಲಿಯೇ.

ಹೀಗೆ ಯೋಚಿಸಿ ಕೊನೆಗೆ ಟರ್ಬೊವೇ ಸರಿ ಎಂದುಕೊಂಡು, ಒಂದು ಹಳೆಯ ಟರ್ಬೊವನ್ನು ಕೊಂಡೂ ಬಿಟ್ಟೆ. ಮೊದಲು ಮಾಡಬೇಕಾದ ಕೆಲಸವನ್ನು ಮಾಡಿದ್ದು ಅದರ ನಂತರ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲು ಮತ್ತು ಇಗ್ನಿಷನ್ ತಪ್ಪಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರಿಗೆ ಕಂಪ್ರೆಷನ್ ಗೇಜ್ ತಿರುಗಿಸಿ ಸ್ಟಾರ್ಟರ್ ಹಾಕಿದೆ. ಮುಳ್ಳು ಒಂದೊಂದು ಸುತ್ತಿಗೂ ಮೆಟ್ಟಿಲು ಹತ್ತಿದಂತೆ ಏರಿ ಮೊದಲನೆಯದರಲ್ಲಿ 174 ಪಿಎಸ್‌ಐಗೆ ನಿಂತಿತು, ಎರಡನೆಯದರಲ್ಲಿ 171ಕ್ಕೆ. ಮೂರನೆಯದರಲ್ಲಿ ಮೊದಲ ಮೆಟ್ಟಿಲೇ ಗಿಡ್ಡವಾಗಿತ್ತು. ಏಳೆಂಟು ಸುತ್ತಾದರೂ 132 ದಾಟಲಿಲ್ಲ. ನಾಲ್ಕನೆಯದು 170. ಗೇಜ್ ಸರಿಯಾಗಿ ಕೂತಿಲ್ಲವೇನೋ ಎಂದು ಮತ್ತೆ ಬಿಗಿದು ನೋಡಿದೆ, ಅದೇ 132. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮರಳಿ ಅಳೆದಾಗ ಮುಳ್ಳು 158ಕ್ಕೆ ಬಂತು. ಎಣ್ಣೆ ಹೋಗಿ ಸಂದು ಮುಚ್ಚಿದಾಗ ಒತ್ತಡ ಏರಿತೆಂದರೆ ಸೋರಿಕೆ ಇರುವುದು ವಾಲ್ವಿನಲ್ಲಲ್ಲ, ಪಿಸ್ಟನ್ ರಿಂಗಿನಲ್ಲಿ. ಅಂಥ ಸಿಲಿಂಡರಿಗೆ 7 ಪಿಎಸ್‌ಐ ಬೂಸ್ಟ್ ತುಂಬುವುದೆಂದರೆ ತೂತು ಬಿದ್ದ ಚೀಲಕ್ಕೆ ಇನ್ನಷ್ಟು ತುರುಕಿದಂತೆ.

ಈಗ ಎಂಜಿನ್ ಬಿಚ್ಚಿ ರಿಂಗ್ ಬದಲಿಸುವ ಖರ್ಚು ಹೇಗೂ ಬರುವುದೇ ಆದ್ದರಿಂದ, ಅಲ್ಲಿಯ ತನಕ ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಮೂರನೆಯ ದಾರಿ ಕಾಣಿಸಿತು. 1994ರಿಂದ ಇದೇ ಕಾರಿಗೆ ಮಾಜ್ದಾ 1839 ಸಿಸಿಯ ಎಂಜಿನ್ ಕೊಟ್ಟಿತ್ತು. ಅದು ನನ್ನ ಕಾರಿನ ಗೇರ್‌ಬಾಕ್ಸಿಗೆ ಬೋಲ್ಟ್ ಹಾಕಿದರೆ ಕೂರುತ್ತದೆ, ಬೆಸುಗೆಯ ಅಗತ್ಯವಿಲ್ಲ. ಕ್ಲಚ್ ಮಾತ್ರ 200 ಮಿ.ಮೀ.ನಿಂದ 215ಕ್ಕೆ ದೊಡ್ಡದಾಗುತ್ತದೆ, ಅದರ ಜೊತೆಗೆ ಫ್ಲೈವೀಲ್ ಕೂಡ. ಶಕ್ತಿ ಸುಮಾರು 130ಕ್ಕೆ ಏರುತ್ತದೆ. ವಿ8 ಕನಸು ಕಂಡವರಿಗೆ ಇದು ನಗು ತರಿಸಬಹುದು. ನನಗೆ ಏರಿನಲ್ಲಿ ಕೊರತೆಯಾಗಿದ್ದದ್ದು ಕೆಳಗಿನ ವೇಗದ ಟಾರ್ಕ್ (ತಿರುಗಿಸುವ ಬಲ), ಸಿಸಿ ಹೆಚ್ಚಿದಾಗ ಅದು ಯಾವ ಕಾಯುವಿಕೆಯೂ ಇಲ್ಲದೆ ಸಿಗುತ್ತದೆ. ಹಿಂದಿನಿಂದ ಗುದ್ದಿಸಿಕೊಂಡು ಜಖಂ ಆಗಿದ್ದ ಒಂದು ಕಾರಿನಿಂದ ಎಂಜಿನ್ ಸಿಕ್ಕಿತು. ಈ ಸಲ ದುಡ್ಡು ಕೊಡುವ ಮೊದಲೇ ಗೇಜ್ ಹಾಕಿಸಿದೆ, ನಾಲ್ಕೂ ಸಿಲಿಂಡರ್‌ಗಳ ನಡುವಿನ ಅಂತರ 5 ಪಿಎಸ್‌ಐ ಒಳಗಿತ್ತು.

ಎಂಜಿನ್ ಕೂತು ಈಗ ಎರಡು ತಿಂಗಳಾಗಿದೆ. 1.6 ಲೀಟರ್ ಕಾರುಗಳ ಡಿಫರೆನ್ಷಿಯಲ್ (ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆ) ಚಿಕ್ಕದು, ಹೆಚ್ಚಿನ ಟಾರ್ಕನ್ನು ಅದರ ಹಲ್ಲುಗಳು ತಾಳುವುದಿಲ್ಲವೆಂಬ ಅಪಖ್ಯಾತಿ ಅದಕ್ಕಿದೆ, ಆದ್ದರಿಂದ 1.8 ಕಾರಿನ ದೊಡ್ಡ ಡಿಫರೆನ್ಷಿಯಲ್ ಹುಡುಕುತ್ತಿದ್ದೇನೆ. ಅದು ಸಿಗುವ ತನಕ ನಿಂತಲ್ಲಿಂದ ಕ್ಲಚ್ ಫಟ್ಟನೆ ಬಿಡದಂತೆ ನನ್ನ ಎಡಗಾಲಿಗೆ ತಾಕೀತು ಮಾಡಿದ್ದೇನೆ. ಟರ್ಬೊ ಅಟ್ಟದ ಮೇಲೆ, ಗಾಳಿ ಹೋಗುವ ಬಾಯಿಗಳಿಗೆ ಬಟ್ಟೆ ತುರುಕಿಸಿಕೊಂಡು ಡಬ್ಬದಲ್ಲಿ ಕೂತಿದೆ.