ಎಲುಬು ಕುಂದರಬೇಕ್ರೀ, ಮಾಂಸ ಅಲ್ಲ

"ಎಲುಬು ಕುಂದರಬೇಕ್ರೀ ಟೀಚರ್, ಮಾಂಸ ಅಲ್ಲ." ಸೈಕಲ್ ಸೀಟಿನ ಬಗ್ಗೆ ಅಜ್ಜನೊಬ್ಬ ಹೇಳಿದ ಈ ಮಾತು ಸೋಮವಾರ ಸಂಜೆಯಿಂದ ತಲೆಯಿಂದ ಇಳಿದಿಲ್ಲ.

ಕೊಪ್ಪಳದ ಭಾಗ್ಯನಗರದಲ್ಲಿ, ಮಗ್ಗದ ಸದ್ದು ಕೇಳುವ ಓಣಿಯ ಬಾಯಲ್ಲಿ ಆ ಅಜ್ಜನ ಸೈಕಲ್ ಅಂಗಡಿ. ಒಂದು ತಗಡಿನ ನೆರಳು, ನೀರಿನ ಬುಟ್ಟಿ, ಪಂಪು, ಅಷ್ಟೇ. ಕಿನ್ನಾಳದ ಕಡೆಗಿರುವ ನಮ್ಮ ಶಾಲೆಗೆ ನಾನು ದಿನಾ ಎಂಟು ಕಿಲೋಮೀಟರ್ ಹೋಗಿ ಎಂಟು ಬರುತ್ತೇನೆ. ಎರಡು ವರ್ಷದಲ್ಲಿ ಮೂರು ಸೀಟು ಬದಲಿಸಿದ್ದೆ, ಒಂದಕ್ಕಿಂತ ಒಂದು ಮೆತ್ತಗೆ. ಕೊನೆಯದು ಜೆಲ್ ಸೀಟು, ಅದರ ಮೇಲೊಂದು ಸ್ಪಾಂಜಿನ ಕವರ್. ಆದರೂ ಅರ್ಧ ದಾರಿಗೆ ಜೋಮು ಹಿಡಿಯುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಸೀಟು ಮಾರಿದವರೆಲ್ಲ ಹೆಬ್ಬೆರಳಿಂದ ಒತ್ತಿ "ಬೆಣ್ಣಿ ಐತ್ರಿ" ಅಂದರು. ವೈದ್ಯರೊಬ್ಬರು ಪೂರ್ತಿ ಕೇಳುವ ಮೊದಲೇ "ಸ್ಕೂಟಿ ತಗೊಳ್ರಿ" ಅಂದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಜ್ಜ ಚೈನಿಗೆ ಎಣ್ಣೆ ಬಿಡುತ್ತ, ಕಣ್ಣು ಎತ್ತದೆ, ದನಿ ತಗ್ಗಿಸಿ ಕೇಳಿದ: "ನೋವು ಎಲುಬಿಗ್ಯೋ, ನಡುವಕ್ಯೋ?" ತಲೆ ಎತ್ತದಿದ್ದದ್ದು ನನ್ನ ಮರ್ಯಾದೆಗೆ. "ನಡುವ" ಅಂದೆ. ಅವಾಗ ಹೇಳಿದ್ದು ಆ ಮಾತು. ಎಲುಬು ಅಂದರೆ ಕೂತಾಗ ಭಾರ ಹೊರುವ ಕುಂಡಿಯ ಎರಡು ಎಲುಬು; ನಡುವ ಅಂದರೆ ಸೊಂಟವಲ್ಲ, ಆ ಎರಡರ ನಡುವಿನ ಮೆತ್ತನೆ ಜಾಗ.

ಟಯರ್ ಪೆಟ್ಟಿಗೆಯ ರಟ್ಟು ಹರಿದು ಹೆಂಡತಿಯ ಕೈಗೆ ಕೊಟ್ಟ. ಆಕೆ ನನ್ನನ್ನು ಒಳಗೆ ಕಲ್ಲಿನ ಕಟ್ಟೆಯ ಮೇಲೆ, ಮೊಣಕಾಲು ಮೇಲಕ್ಕೆ ಬರುವ ಹಾಗೆ ಕೂರಿಸಿದಳು. ಎದ್ದಾಗ ರಟ್ಟಿನ ಮೇಲೆ ಎರಡು ಗುಳಿ. ಬೆಳಕಿಗೆ ಓರೆ ಹಿಡಿದು, ಸೀಮೆಸುಣ್ಣದ ಚುಕ್ಕೆ ಇಟ್ಟು ಅಳೆದರೆ ಎರಡರ ನಡುವೆ 13 ಸೆಂಟಿಮೀಟರ್. ಸೀಟು ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಅಗಲ ಇರಬೇಕಂತೆ. ನನ್ನ ಬೆಣ್ಣೆಯಂಥ ಸೀಟಿನಲ್ಲಿ ಎಲುಬು ಹುಗಿದು, ನಡುವಿನ ಜೆಲ್ ಮೇಲೆದ್ದು, ನರ ಮತ್ತು ರಕ್ತನಾಳ ಇರುವಲ್ಲೇ ಒತ್ತುತ್ತಿತ್ತು. ಆ ರಾತ್ರಿ ರೊಟ್ಟಿಗೆ ಹಿಟ್ಟು ನಾದುವಾಗ ಎರಡು ಬೆರಳು ಊರಿ ನೋಡಿದೆ. ನಡುವಿನ ಹಿಟ್ಟು ಉಬ್ಬಿ ಬಂತು.

ಗೋಡೆಗೆ ಹಳೆಯ ಬ್ರೂಕ್ಸ್ ಸೀಟೊಂದು ತೂಗುತ್ತಿತ್ತು. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆ ಸರಂಜಾಮಿನಿಂದ ಶುರುವಾದ ಕಂಪನಿಯದು. ಕಪ್ಪಿಟ್ಟ ತೊಗಲಿನಲ್ಲಿ ಯಾರದ್ದೋ ಎಲುಬು ನೂರಾರು ಮೈಲಿ ಕೂತು ಮಾಡಿಕೊಂಡ ಎರಡು ತಗ್ಗು. ಬೆರಳಿಟ್ಟು ನೋಡಿದೆ, ನುಣ್ಣಗಿತ್ತು.

ನನಗೆ ಹಾಕಿಕೊಟ್ಟದ್ದು ಸ್ಪ್ರಿಂಗಿನ, ಅಗಲದ, ಗಟ್ಟಿ ಸೀಟು. ಮೂತಿಯನ್ನು ನೆಲಕ್ಕೆ ಸಮ ಮಾಡಿದ. ಮೇಲಕ್ಕಿದ್ದರೆ ಮುಂದೆ ಒತ್ತುತ್ತದೆ, ಕೆಳಕ್ಕಿದ್ದರೆ ಭಾರವೆಲ್ಲ ಅಂಗೈಗೆ. ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರ. ಮೊದಲೆರಡು ದಿನ ಎಲುಬು ನೊಂದವು. ಜೋಮು ಬರಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಹುಡುಗಿಯರು ಸಾಲು ಹಿಡಿದು ಬರುವುದನ್ನು ಕಂಡು ಕಣ್ಣು ತುಂಬಿದ್ದುಂಟು. ಕೆಲವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ನಡೆದು ಬರುತ್ತಿದ್ದರು. ಒಬ್ಬಳನ್ನು ಪ್ರಾರ್ಥನೆಯ ಸಾಲಿನಲ್ಲೇ ನಿಲ್ಲಿಸಿ ಬೈದಿದ್ದೆ. "ಅಣ್ಣಗ ಕೊಟ್ಟೀನ್ರಿ" ಅಂದು ನೆಲ ನೋಡಿದಳು. ಮನೆಯವರು ಕಸಿದುಕೊಂಡರು ಎಂದೇ ತಿಳಿದಿದ್ದೆ. ಇರಬಹುದು. ಆದರೆ ಎಲ್ಲಿ ನೋಯುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ, ನಾನೂ ಹೆಣ್ಣಾಗಿ. ನೋವಿನ ಜಾಗಕ್ಕೆ ಮನೆಯಲ್ಲಿ ಹೆಸರೇ ಇಲ್ಲದಿದ್ದರೆ ಹದಿಮೂರರ ಹುಡುಗಿ ಏನೆಂದು ಹೇಳಬೇಕು?

ಗುರುವಾರ ಊಟದ ಬಿಡುವಿನಲ್ಲಿ ಬಾಗಿಲು ಮುಂದೆ ಮಾಡಿ ಸೈಕಲ್ ಹುಡುಗಿಯರನ್ನು ಕೂರಿಸಿಕೊಂಡೆ. ರಟ್ಟು ತೋರಿಸಿದೆ. ಕಿಸಕ್ ಎಂದರು, ಸುಮ್ಮನಾದರು. ಮೂಲೆಯಲ್ಲಿದ್ದವಳು ಕೊನೆಗೆ ಬಾಯಿಬಿಟ್ಟಳು: "ನನಗೂ ಜೋಮ ಹಿಡಿತೈತ್ರಿ ಟೀಚರ್. ಏನೋ ಬ್ಯಾನಿ ಬಂದೈತಿ ಅಂತ ಮಾಡಿದ್ದೆ."

ಹೊರಗೆ ಬೇವಿನ ಗಿಡದ ಕೆಳಗೆ ಅವಳ ಸೈಕಲ್ ನೋಡಿದರೆ ಸೀಟಿನ ಮೂತಿ ಆಕಾಶಕ್ಕೆ. ನಟ್ಟು ತುಕ್ಕು ಹಿಡಿದಿತ್ತು. ಪಾನಾ ನಾನು ಹಿಡಿದೆ, ಸೀಟು ಅವಳು ಒತ್ತಿದಳು.