ಖಾಲಿ ಟ್ಯಾಂಕ್, ಒಂದು ಹರ್ಕ್ಯುಲಿಸ್ ವಿಮಾನ, ನಮ್ಮ ರಿಜಿಸ್ಟರ್‌ನ ಹೊಸ ಕಾಲಂ

ಬೊಮ್ಮಸಂದ್ರದ ಕಡೆ ಒಂದು ಪೇಂಟ್ ಮತ್ತು ಥಿನ್ನರ್ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಹೊಸಬರು ಸೇರಿದಾಗ ಟ್ರೇನಿಂಗ್ ಕೊಡುವುದು ನನ್ನ ಪಾಲಿನ ಕೆಲಸ. ಶುರುವಿಗೇ ಒಂದು ಪ್ರಶ್ನೆ ಕೇಳುತ್ತೇನೆ: ತುಂಬಿದ ಡ್ರಮ್ ಜಾಸ್ತಿ ಅಪಾಯವೋ, ಖಾಲಿ ಡ್ರಮ್ಮೋ? ಮುಕ್ಕಾಲು ಜನ ತುಂಬಿದ್ದು ಅನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಹಳೆ ವೆಲ್ಡರ್ ಕೂತಿದ್ದರೆ ಅವರು ಮಾತ್ರ ಸುಮ್ನೆ ನಗುತ್ತಾರೆ.

ಉರಿಯುವುದು ದ್ರವ ಅಲ್ಲ, ಅದರ ಆವಿ. ಥಿನ್ನರ್‌ಗೆ ಬಳಸುವ ಟೊಲ್ಯೂಯೀನ್ ಅನ್ನುವ ದ್ರಾವಕ ತಗೊಳ್ಳಿ. 4 ಡಿಗ್ರಿ ಉಷ್ಣತೆಯಲ್ಲೇ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಅಂದರೆ ಬೆಂಗಳೂರಿನ ಯಾವ ಚಳಿಯಲ್ಲೂ ಅದು ಸಿದ್ಧವಾಗೇ ಇರುತ್ತದೆ. ಗಾಳಿಯಲ್ಲಿ ಅದರ ಆವಿ ಶೇಕಡಾ 1ರಿಂದ 7ರ ಆಸುಪಾಸಿನಲ್ಲಿ ಬೆರೆತಿದ್ದರೆ ಸ್ಫೋಟ ಆಗಬಹುದು. ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗವೇ ಇಲ್ಲ. ತಳದಲ್ಲಿ ಒಂದು ಲೋಟದಷ್ಟು ಉಳಿದ "ಖಾಲಿ" ಡ್ರಮ್ಮಿನಲ್ಲಿ ಇರುವುದೆಲ್ಲ ಅದೇ ಮಿಶ್ರಣ. ಅದರ ಮೇಲೆ ಕಟಿಂಗ್ ಟಾರ್ಚ್ ಇಟ್ಟರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಇಷ್ಟು ಹೇಳಿ ನಾನು ಇರಾಕ್‌ಗೆ ಹೋಗುತ್ತೇನೆ. ಕಾರ್ಖಾನೆ ಟ್ರೇನಿಂಗ್‌ನಲ್ಲಿ ಯುದ್ಧಭೂಮಿಯ ವಿಮಾನದ ಕಥೆ ಯಾಕೆ ಅಂತ ಒಬ್ಬರು ಮ್ಯಾನೇಜರ್ ಕೇಳಿದ್ದರು. ಕಾರಣ ಇಷ್ಟೇ: ನಮ್ಮಂಥ ಕಾರ್ಖಾನೆಯ ಅವಘಡ ಹೇಳಿದರೆ ಜನ "ಅವನು ಅಜಾಗರೂಕ, ಅದಕ್ಕೇ ಆಯ್ತು" ಅಂತ ತಳ್ಳಿಹಾಕಿಬಿಡುತ್ತಾರೆ. ಈ ಕಥೆಯಲ್ಲಿ ಹಾಗೆ ಹೇಳಲು ಆಗುವುದಿಲ್ಲ.

2005ರ ಜನವರಿ 30. ಇರಾಕ್‌ನಲ್ಲಿ ಚುನಾವಣೆ ನಡೆಯುತ್ತಿದ್ದ ದಿನ. ಬ್ರಿಟನ್ ವಾಯುಪಡೆಯ ಹರ್ಕ್ಯುಲಿಸ್ ಸಿ-130 ಸರಕು ಸಾಗಣೆ ವಿಮಾನ ಬಾಗ್ದಾದ್‌ನಿಂದ ಬಲದ್ ನೆಲೆಗೆ ಹೊರಟಿತ್ತು. ನಂಬರ್ ಎಕ್ಸ್‌ವಿ179. ಹಾರಿಸುತ್ತಿದ್ದವರು 47ನೇ ಸ್ಕ್ವಾಡ್ರನ್‌ನವರು, ಇಂಥ ಹಾರಾಟದಲ್ಲಿ ಪಳಗಿದವರು. ಹಗಲು ಹೊತ್ತು, ನೆಲಕ್ಕೆ ತೀರಾ ಹತ್ತಿರ ಹಾರುತ್ತಿದ್ದರು. ಕೆಳಗೆ ಹಾರಿದರೆ ಕ್ಷಿಪಣಿಗೆ ಗುರಿ ಸಿಗುವುದು ಕಷ್ಟ, ಆದರೆ ಬಂದೂಕಿಗೆ ಸುಲಭ. ನೆಲದಿಂದ ಗುಂಡು ಹಾರಿತು. ಬಲ ರೆಕ್ಕೆಯ ಇಂಧನ ಟ್ಯಾಂಕ್‌ಗೆ ತಾಗಿತು. ಟ್ಯಾಂಕಿನಲ್ಲಿ ಇಂಧನದ ಮೇಲಿನ ಖಾಲಿ ಜಾಗದಲ್ಲಿದ್ದ ಆವಿ ಸ್ಫೋಟಿಸಿ ರೆಕ್ಕೆಯ ಹೊರಭಾಗ ಕಿತ್ತುಹೋಯಿತು. ಅದರಲ್ಲಿದ್ದ 10 ಜನರೂ ಸತ್ತರು. ಒಂಬತ್ತು ಜನ ವಾಯುಪಡೆಯವರು, ಒಬ್ಬರು ಭೂಸೇನೆಯವರು.

ಇಲ್ಲಿ ನಾನು ನಿಲ್ಲಿಸಿ ಮತ್ತೆ ಡ್ರಮ್ ತೋರಿಸುತ್ತೇನೆ. ಅದೇ ಖಾಲಿ ಜಾಗ.

ರೆಕ್ಕೆಗೆ ತೂತು ಬಿದ್ದರೆ ವಿಮಾನ ಬೀಳಲೇಬೇಕು ಅಂತೇನಿಲ್ಲ. ಗುಂಡಿನ ತೂತು ಹೊತ್ತುಕೊಂಡು ಮನೆಗೆ ಬಂದ ವಿಮಾನಗಳು ಬೇಕಾದಷ್ಟಿವೆ. ಇಲ್ಲಿ ಕೊಂದದ್ದು ಆ ಸ್ಫೋಟ. ಅದನ್ನು ತಡೆಯುವ ವಸ್ತುವೂ ಆಗಲೇ ಇತ್ತು: ಪಾಲಿಯೂರೆಥೇನ್ ಫೋಮ್. ಪಾತ್ರೆ ತಿಕ್ಕುವ ಒರಟು ಸ್ಪಾಂಜ್ ಇದೆಯಲ್ಲ, ಹೆಚ್ಚುಕಡಿಮೆ ಹಾಗೇ, ಮೈತುಂಬ ತೂತು. ಟ್ಯಾಂಕಿನ ಒಳಗೆಲ್ಲ ಅದನ್ನು ತುಂಬುತ್ತಾರೆ. ಇಂಧನ ಅದರೊಳಗೆ ಆರಾಮಾಗಿ ಹರಿದಾಡುತ್ತದೆ, ಫೋಮ್ ತಿನ್ನುವ ಜಾಗ ತೀರಾ ಕಮ್ಮಿ. ಕಿಡಿ ಬಿದ್ದರೆ ಜ್ವಾಲೆ ಆ ಸಣ್ಣ ಸಣ್ಣ ಗೂಡುಗಳಲ್ಲಿ ಶಾಖ ಕಳೆದುಕೊಂಡು ಅಲ್ಲೇ ಸಾಯುತ್ತದೆ, ಟ್ಯಾಂಕಿನ ತುಂಬ ಓಡುವುದಿಲ್ಲ, ಒತ್ತಡ ಏರುವುದಿಲ್ಲ.

ಅಮೆರಿಕದವರು ವಿಯೆಟ್ನಾಂ ಯುದ್ಧದ ಕಾಲದಿಂದಲೇ ತಮ್ಮ ಹರ್ಕ್ಯುಲಿಸ್‌ಗಳಿಗೆ ಇದನ್ನು ಹಾಕುತ್ತಿದ್ದರು. ಬ್ರಿಟನ್ನಿನ ಈ ವಿಮಾನದಲ್ಲಿ ಇರಲಿಲ್ಲ. ವಾಯುಪಡೆಯ ತನಿಖಾ ಮಂಡಳಿ 2005ರ ಕೊನೆಗೆ ಕೊಟ್ಟ ವರದಿಯಲ್ಲಿ ಫೋಮ್ ಇಲ್ಲದ್ದೂ ಒಂದು ಕಾರಣ ಅಂತ ಬರೆಯಿತು. 2008ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್‌ನ ಕರೋನರ್ (ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಡೇವಿಡ್ ಮಾಸ್ಟರ್ಸ್ ತಿಂಗಳುಗಟ್ಟಲೆ ವಿಚಾರಣೆ ನಡೆಸಿ, ವ್ಯವಸ್ಥೆಯಲ್ಲೇ ಗಂಭೀರ ವೈಫಲ್ಯ ಇತ್ತು, ಫೋಮ್ ಹಾಕಿಸುವ ಅವಕಾಶ ಕೈತಪ್ಪಿಹೋಯಿತು ಅಂದರು. ಫೋಮ್ ಬೇಕು ಅನ್ನುವ ಮಾತು ಘಟನೆಗೆ ಮುಂಚೆಯೇ ಕಾಗದದ ಮೇಲೆ ಇತ್ತು. ಘಟನೆ ಆದಮೇಲೆ ಹಾಕಿಸಿದರು.

ನನ್ನ ತಲೆಯಲ್ಲಿ ಕೂತದ್ದು ಇದೇ ಭಾಗ. ಯಾರೋ ಒಬ್ಬ ಕೆಟ್ಟವನು "ಫೋಮ್ ಬೇಡ, ಸಾಯಲಿ" ಅಂದಿದ್ದರೆ ಅದು ಸಿನಿಮಾ. ಕೆಲಸದ ಜಾಗದಲ್ಲಿ ಹಾಗೆ ಆಗುವುದಿಲ್ಲ. ಬೇಡ ಅಂತ ಯಾರೂ ಅನ್ನುವುದಿಲ್ಲ. ಎಲ್ಲರೂ ಒಳ್ಳೆ ಸಲಹೆ ಅನ್ನುತ್ತಾರೆ, ಫೈಲ್ ಮುಂದಿನ ಟೇಬಲ್‌ಗೆ ಹೋಗುತ್ತದೆ, ಆ ಟೇಬಲ್ಲಿನವರಿಗೆ ವರ್ಗ ಆಗುತ್ತದೆ.

ನಮ್ಮ ಸೇಫ್ಟಿ ರಿಜಿಸ್ಟರ್ ನೋಡಿ. ನಾನು ಸೇರಿದಾಗ ಅದರಲ್ಲಿ ನಾಲ್ಕು ಕಾಲಂ: ಸಮಸ್ಯೆ, ಶಿಫಾರಸು, ವಿಭಾಗ, ಸ್ಥಿತಿ. ವಿಭಾಗದ ಕೆಳಗೆ "ಎಂಜಿನಿಯರಿಂಗ್". ಸ್ಥಿತಿಯ ಕೆಳಗೆ "ಪರಿಶೀಲನೆಯಲ್ಲಿದೆ", ಅದರ ಕೆಳಗೆ ಮೇಲಿನದೇ ಅನ್ನುವ ಎರಡು ಚುಕ್ಕಿ, ಪುಟದ ಕೊನೆಯವರೆಗೂ. ಎಂಜಿನಿಯರಿಂಗ್ ಅಂದರೆ ಯಾರು? ಪರಿಶೀಲಿಸುತ್ತಿರುವವರು ಯಾರು? ಟೊಲ್ಯೂಯೀನ್ ಟ್ಯಾಂಕಿಗೆ ನೈಟ್ರೋಜನ್ ಲೈನ್ ಕೊಡಬೇಕು ಅನ್ನುವುದು ಆ ಚುಕ್ಕಿಗಳಲ್ಲಿ ಒಂದು. ವಿಮಾನದ ಫೋಮ್‌ಗೂ ಇದಕ್ಕೂ ದಾರಿ ಬೇರೆ, ಗುರಿ ಒಂದೇ. ದ್ರವದ ಮೇಲಿನ ಜಾಗದಲ್ಲಿ ಗಾಳಿಯ ಬದಲು ನೈಟ್ರೋಜನ್ ಇದ್ದರೆ ಆಮ್ಲಜನಕ ಇಲ್ಲ, ಬೆಂಕಿ ಇಲ್ಲ.

ನಾನು ಎರಡು ಕಾಲಂ ಸೇರಿಸಿದೆ. ಒಂದು, ವಿಭಾಗದ ಬದಲು ಒಬ್ಬ ವ್ಯಕ್ತಿಯ ಹೆಸರು. ಎರಡು, "ಬೇಡ, ಕಾರಣ, ಸಹಿ". ಮಾಡಿ, ಇಲ್ಲವೇ ಬೇಡ ಅಂತ ಬರೆದು ಸಹಿ ಹಾಕಿ. ಪರಿಶೀಲನೆಯಲ್ಲಿದೆ ಅನ್ನುವ ಪದಕ್ಕೆ ಜಾಗವನ್ನೇ ಇಡಲಿಲ್ಲ.

ಗಲಾಟೆ ಆಯ್ತು. ಇದೇನು ಪೊಲೀಸ್ ಸ್ಟೇಷನ್ನಾ ಅಂತ ಒಬ್ಬರು ಕೇಳಿದರು. ಆದರೆ ತಮಾಷೆ ಅಂದರೆ ಕೆಲವಕ್ಕೆ ಜನ ಧೈರ್ಯವಾಗಿ ಬೇಡ ಅಂತ ಬರೆದರು, ಅದೂ ಸರಿಯಾಗೇ ಇತ್ತು. ಪ್ಯಾಕಿಂಗ್ ಹಾಲ್‌ಗೆ ಇನ್ನೊಂದು ಬಾಗಿಲು ಬೇಕು ಅಂತ ಯಾವಾಗಲೋ ಒಬ್ಬರು ಶಿಫಾರಸು ಮಾಡಿದ್ದರು. ಆ ಬಾಗಿಲು ನೇರ ಸಾಲ್ವೆಂಟ್ ಅಂಗಳಕ್ಕೆ ತೆರೆಯುತ್ತದೆ, ಬೆಂಕಿ ಬಿದ್ದಾಗ ಜನರನ್ನು ಅಲ್ಲಿಗೆ ಕಳಿಸುವುದು ಹುಚ್ಚು ಅಂತ ಪ್ರೊಡಕ್ಷನ್‌ನವರು ಬರೆದು ಸಹಿ ಹಾಕಿದರು. ನಾನೂ ಒಪ್ಪಿದೆ.

ನೈಟ್ರೋಜನ್ ಲೈನ್‌ನ ಸಹಿ ಫೈನಾನ್ಸ್ ಮುಖ್ಯಸ್ಥರ ಪಾಲಿಗೆ ಬಂತು. ಹಿಂದೆಲ್ಲ ಮುಂದಿನ ಬಜೆಟ್‌ನಲ್ಲಿ ನೋಡೋಣ ಅನ್ನುತ್ತಿದ್ದರು. ಈಗ ಬೇಡ ಅಂತ ತಮ್ಮ ಹೆಸರಲ್ಲಿ ಬರೆಯಬೇಕು. ಪೆನ್ ಹಿಡಿದವರು ನಿಲ್ಲಿಸಿ, ಟ್ಯಾಂಕ್ ಒಂದು ಸಲ ತೋರಿಸಿ ಅಂದರು. ಮಾರ್ಚ್ ತಿಂಗಳ ಮಧ್ಯಾಹ್ನ. ಮೇಲೆ ಹತ್ತಿ, ಮಟ್ಟ ಅಳೆಯಲು ಇರುವ ಡಿಪ್ ಮುಚ್ಚಳ ತೆಗೆದಾಗ, ಅದರ ಬಾಯಿಯ ಮೇಲೆ ಆವಿ ಬಿಸಿಲಿಗೆ ನಡುಗುತ್ತಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು, ಹಿಂದಿನ ಕಾಂಪೌಂಡ್ ಗೋಡೆ ಅಲುಗಾಡಿದ ಹಾಗೆ. ಗ್ಯಾಸ್ ಮೀಟರ್ ಹತ್ತಿರ ಹಿಡಿದೆ. ಸ್ಫೋಟದ ಕೆಳಮಿತಿಯ ಹತ್ತನೇ ಒಂದು ಭಾಗ ಮುಟ್ಟಿದರೂ ಅದು ಕೂಗುತ್ತದೆ, ಮುಚ್ಚಳದ ಅಂಚಿಗೆ ಹೋಗುವ ಮುಂಚೆಯೇ ಕೂಗಿತು. ಇಳಿದು ಬಂದು ಹಣ ಮಂಜೂರು ಮಾಡಿದರು. ಭಯಕ್ಕೋ, ಬೇಡ ಅನ್ನುವ ಕಾಲಂನ ಮುಜುಗರಕ್ಕೋ ಗೊತ್ತಿಲ್ಲ. ನನಗೆ ಲೈನ್ ಸಿಕ್ಕಿತು, ಸಾಕು.

ಆ ವಿಮಾನದ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು, ಅದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅದೇ ಪ್ರದೇಶದಲ್ಲಿ ಅದಕ್ಕೂ ಮುಂಚೆ ಅಮೆರಿಕದ ಹೆಲಿಕಾಪ್ಟರ್‌ಗಳ ಮೇಲೆ ಗುಂಡು ಹಾರಿತ್ತು. ಆ ಸುದ್ದಿ ಹರ್ಕ್ಯುಲಿಸ್‌ನಲ್ಲಿದ್ದವರಿಗೆ ತಲುಪಿರಲಿಲ್ಲ. ಒಂದೇ ಯುದ್ಧ, ಒಂದೇ ಪಕ್ಷ, ಎರಡು ಸೇನೆ. ನಮ್ಮಲ್ಲಿ ಅದು ಎರಡು ಶಿಫ್ಟ್. ರಾತ್ರಿ ಪಾಳಿಯಲ್ಲಿ ಪಂಪ್ ಸೀಲ್ ಸೋರಿದ್ದು ರಾತ್ರಿಯವರ ಡೈರಿಯಲ್ಲಿ ಇರುತ್ತದೆ, ಬೆಳಿಗ್ಗೆ ಅದರ ಪಕ್ಕದಲ್ಲೇ ವೆಲ್ಡಿಂಗ್ ಮಾಡುವವನು ಆ ಡೈರಿಯನ್ನು ಯಾಕೆ ನೋಡುತ್ತಾನೆ?

ಅದಕ್ಕೆ ಹಾಟ್ ವರ್ಕ್ ಪರ್ಮಿಟ್ (ವೆಲ್ಡಿಂಗ್, ಕಟಿಂಗ್‌ನಂಥ ಕಿಡಿ ಹಾರುವ ಕೆಲಸಕ್ಕೆ ಅನುಮತಿ ಚೀಟಿ) ಕೊಡುವ ಕಿಟಕಿಯ ಪಕ್ಕದಲ್ಲೇ ಒಂದು ಬಿಳಿ ಬೋರ್ಡ್ ಹಾಕಿಸಿದೆ. ಕಳೆದ ಪಾಳಿಯಲ್ಲಿ ಎಲ್ಲಿ ಸೋರಿತು, ಎಲ್ಲಿ ಮೀಟರ್ ಕೂಗಿತು, ಅಷ್ಟೇ ಬರೆಯಬೇಕು. ಕಾಂಟ್ರಾಕ್ಟ್ ವೆಲ್ಡರ್‌ಗಳಲ್ಲಿ ತುಂಬ ಜನ ಬಿಹಾರ, ಒಡಿಶಾ ಕಡೆಯವರು, ಹಾಗಾಗಿ ಕನ್ನಡದ ಕೆಳಗೆ ಹಿಂದಿಯಲ್ಲೂ ಬರೆಸುತ್ತೇವೆ, ಓದಲು ಬಾರದವರಿಗೆ ಕಿಟಕಿಯಲ್ಲಿ ಕೂತವನೇ ಬಾಯಲ್ಲಿ ಹೇಳಬೇಕು. ಬೋರ್ಡ್ ಖಾಲಿ ಇದ್ದರೆ ಪರ್ಮಿಟ್ ಇಲ್ಲ. ಏನೂ ಆಗಿಲ್ಲದಿದ್ದರೆ "ಏನೂ ಇಲ್ಲ" ಅಂತ ಬರೆದು ಕೆಳಗೆ ರಾತ್ರಿ ಪಾಳಿಯವರು ಹೆಸರು ಹಾಕಿ ಹೋಗಬೇಕು. ಇದಕ್ಕೂ ಗೊಣಗುವವರು ಇದ್ದಾರೆ, ಬಸ್ ಹೊರಟುಹೋಗುತ್ತದೆ ಸರ್ ಅಂತ. ಬಸ್ಸನ್ನು ಹತ್ತು ನಿಮಿಷ ತಡವಾಗಿ ಬಿಡಿ ಅಂತ ಟ್ರಾನ್ಸ್‌ಪೋರ್ಟ್‌ನವರಿಗೆ ಬರೆದಿದ್ದೇನೆ, ಅದೂ ರಿಜಿಸ್ಟರ್‌ನಲ್ಲೇ ಇದೆ, ಅವರ ಹೆಸರಿನ ಮುಂದೆ.